ತೊಂಬತ್ತೆರಡು ಸೆಂಟಿಮೀಟರ್

ಪಡಸಾಲೆಯಿಂದ ಇಂಡಕ್ಷನ್ ಒಲೆಯ ಕೀಚಲು ಸದ್ದು ಮೂರು ಸಲ ಕೇಳಿಸಿತು. ಅವ್ವ ಪಾತ್ರೆಯನ್ನು ಎತ್ತಿದ್ದಾಳೆ, ಒಲೆ ಅದನ್ನು ಹುಡುಕುತ್ತಿದೆ ಎಂದು ಗುರುಪ್ರಸಾದ್ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಲ್ಲಿಂದಲೇ ತಿಳಿದುಕೊಂಡ. ಅಡುಗೆಮನೆಯನ್ನು ಒಡೆದು ಇಂದಿಗೆ ಹತ್ತೊಂಬತ್ತು ದಿನ. ಒಲೆಯ ಸದ್ದುಗಳನ್ನೆಲ್ಲ ಅವನು ಈಗ ಬೇರ್ಪಡಿಸಬಲ್ಲವನಾಗಿದ್ದ: ಪಾತ್ರೆ ಕಾಣದಿದ್ದಾಗಿನದು ಒಂದು, ವೋಲ್ಟೇಜ್ ಕುಸಿದಾಗಿನದು ಇನ್ನೊಂದು, ಕೆಲಸ ಮುಗಿದಾಗ ಬರುವ ಉದ್ದನೆಯ ಒಂಟಿ ಸ್ವರ ಬೇರೆ. ಆದರೆ ಬೆಳಗಿನ ಜಾವ ಅವನನ್ನು ಎಬ್ಬಿಸಿದ್ದು ಒಲೆಯಲ್ಲ, ಒಂದು ಸಂಖ್ಯೆ. ತೊಂಬತ್ತೆರಡು. ಹನ್ನೊಂದು ಗಂಟೆಗೆ ನಂಜನಗೂಡಿನಿಂದ ಗ್ರಾನೈಟ್ ಹಲಗೆ ಬರುವುದಿತ್ತು. ಬಂದರೆ ಗಾರೆಯ ಮಂಟೇಸ್ವಾಮಿ ಅದನ್ನು ನಿನ್ನೆ ಸಂಜೆ ಕಟ್ಟಿ ಮುಗಿಸಿದ ಇಟ್ಟಿಗೆಯ ಮೋಟುಗೋಡೆಗಳ ಮೇಲೆ ಕೂರಿಸುತ್ತಾನೆ. ಕೂತ ಮೇಲೆ ಅಡುಗೆಕಟ್ಟೆಯ ಎತ್ತರ ಇನ್ನು ಮೂವತ್ತು ವರ್ಷಕ್ಕೆ ಅದೇ. ನೆಲದಿಂದ ಎಂಬತ್ತಾರು ಸೆಂಟಿಮೀಟರ್. ಈ ಎಂಬತ್ತಾರು ಹುಟ್ಟಿದ್ದು ಆ ತೊಂಬತ್ತೆರಡರಿಂದ. ತೊಂಬತ್ತೆರಡು ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಅವನು ಒಬ್ಬನೇ ಬಲ್ಲ.

ಲೆಕ್ಕವೇನೋ ಸರಿಯಾಗಿತ್ತು. ನಿಂತು ಅಡುಗೆ ಮಾಡುವವರ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಹನ್ನೆರಡು ಸೆಂಟಿಮೀಟರ್ ಕೆಳಗೆ ಕಟ್ಟೆ ಇರಬೇಕು ಎಂದು ಅವನು ಓದಿದ್ದ. ಚೈತ್ರಳನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಡಿಸಿ, ಮೂರು ಸಲ ಅಳೆದಿದ್ದ, ನೂರ ನಾಲ್ಕು. ಮದುವೆಯಾಗಿ ಒಂದು ವರ್ಷ ಆಗಿದ್ದ ಹೆಂಡತಿ, ಸೋಸಲೆಯ ಉದ್ದನೆಯ ಹುಡುಗಿ, ಅಳೆಸಿಕೊಳ್ಳುವಾಗ ನಗುತ್ತ, "ಬ್ಲೌಸ್‌ಗೂ ಇಷ್ಟು ಸಲ ಅಳೆಯಲ್ಲ ರೀ" ಅಂದಿದ್ದಳು. ಅದೇ ಟೇಪು ಹಿಡಿದು ಅವನು ಅವ್ವನ ಕಡೆ ತಿರುಗಿದ. ಅವ್ವ, ಸಿದ್ದಲಿಂಗಮ್ಮ, ಅವರೆಕಾಯಿ ಸುಲಿಯುತ್ತಿದ್ದವಳು, ಟೇಪಿನ ಉಕ್ಕಿನ ನಾಲಗೆ ಸರ್ರನೆ ಹೊರಬಂದದ್ದನ್ನು ನೋಡಿ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು. "ನಂಗ್ಯಾಕಪ್ಪ ಅಳ್ತೆ. ಅದೇನ್ ಕಟ್ತೀಯೋ ಕಟ್ಟು, ಒಗ್ಗುಸ್ಕತೀನಿ" ಅಂದಳು. ಅವನಿಗೆ ಕಾರಣ ತಿಳಿದಿತ್ತು. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ ಅವರ ಮನೆತನದ ರೂಢಿಯಂತೆ ಸಮಾಧಿಯ ಗುಂಡಿಯನ್ನು ಪಾದದ ಅಳತೆಯಲ್ಲಿ ತೆಗೆಯಬೇಕಾಗಿತ್ತು. ಕಂಬಕ್ಕೆ ಒರಗಿಸಿ ಕೂರಿಸಿದ್ದ ಅಜ್ಜಿಯ ಹಿಮ್ಮಡಿಗೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದವನು ಅವನೇ. ಮಠದವರು ಇನ್ನೊಂದು ತುದಿಯನ್ನು ಹೆಬ್ಬೆರಳಿಗೆ ಎಳೆದು ಗಂಟು ಹಾಕಿ, ಒಂಬತ್ತು ಪಾದ ಅಂದಿದ್ದರು. ಅವ್ವ ಬಾಗಿಲಲ್ಲಿ ನಿಂತು ಆ ಗಂಟನ್ನು ನೋಡಿದ್ದಳು. ಬದುಕಿರುವವರನ್ನು ಅಳೆಯಬಾರದು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಕೇಳಲಿಲ್ಲ. ಟೇಪನ್ನು ಸುತ್ತಿಕೊಳ್ಳುವಾಗ ಎದೆಯಲ್ಲಿ ಹಗುರವಾದದ್ದನ್ನು, ಅವಳು ಬೇಡವೆಂದದ್ದೇ ಒಳ್ಳೆಯದಾಯಿತು ಎನ್ನಿಸಿದ್ದನ್ನು, ಅವನು ಮರೆಯಲಾರ. ಕೋಣೆಗೆ ಹೋಗಿ ಪುಸ್ತಕದಲ್ಲಿ ಚೈತ್ರಳ ಹೆಸರಿನ ಕೆಳಗೆ ಅವ್ವ ಎಂದು ಬರೆದು, ಅವಳ ತಲೆ ತನ್ನ ಎದೆಯ ಎಲ್ಲಿಗೆ ಬರುತ್ತದೆಂದು ಕೈಯಿಂದ ಒಮ್ಮೆ ಅಂದಾಜು ಮಾಡಿ, ತೊಂಬತ್ತೆರಡು ಎಂದು ಬರೆದ. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ. ತೊಂಬತ್ತೆಂಟು; ಹನ್ನೆರಡು ಕಳೆದರೆ ಎಂಬತ್ತಾರು. ಆ ಸರಾಸರಿಯ ಮೊಣಕೈಯಿರುವ ಹೆಂಗಸು ಈ ಮನೆಯಲ್ಲಾಗಲಿ ಇಡೀ ಚಿಕ್ಕಯ್ಯನಛತ್ರದಲ್ಲಾಗಲಿ ಇದ್ದಾಳೆಯೇ ಎಂಬ ಪ್ರಶ್ನೆ ಆಗ ಅವನಿಗೆ ಹೊಳೆಯಲಿಲ್ಲ.

ಬಾಯಿ ಮುಕ್ಕಳಿಸಿ ಒಳಗೆ ಬಂದಾಗ ಪಡಸಾಲೆಯಲ್ಲಿ ಉಪ್ಪಿಟ್ಟಿನ ವಾಸನೆಯೂ ಸಿಮೆಂಟಿನ ವಾಸನೆಯೂ ಬೆರೆತು ನಿಂತಿದ್ದವು. ನಡುಗಂಬದ ಪಕ್ಕದಲ್ಲಿ ಹಲಸಿನ ಮಣೆಯೊಂದರ ಮೇಲೆ ಒಲೆ; ಅದರ ಮುಂದೆ ನೆಲದಲ್ಲಿ ಕಾಲು ಮಡಿಸಿ ಕುಳಿತ ಅವ್ವ; ಎದುರಿಗೆ ಕೊತ್ತಂಬರಿ ಬಿಡಿಸುತ್ತ ಅಪ್ಪ ಶಿವಮಲ್ಲಪ್ಪ. ಅಡುಗೆಮನೆ ಇದ್ದಾಗ ಅಪ್ಪ ಅದರ ಹೊಸ್ತಿಲು ದಾಟಿದ್ದನ್ನು ಗುರುಪ್ರಸಾದ್ ಕಂಡವನಲ್ಲ. ಈಗ ಅಡುಗೆಯೇ ಹೊಸ್ತಿಲು ದಾಟಿ ಬಂದು ಅವರ ಕುರ್ಚಿಯ ಬುಡದಲ್ಲಿ ಕುಳಿತ ಮೇಲೆ ಅವರಿಗೆ ಬೇರೆ ದಾರಿಯಿರಲಿಲ್ಲ. ಮೊದಲ ವಾರ ಪೇಪರನ್ನು ಅಡ್ಡ ಹಿಡಿದರು, ಎರಡನೆಯ ವಾರ ಬೆಳ್ಳುಳ್ಳಿ ಸುಲಿದರು. "ಬೆಂಕಿ ಇಲ್ದೆ ಬೇಯ್ತದೆ, ಹೊಗೆ ಇಲ್ದೆ ಕುದೀತದೆ" ಎಂದು ಅವರು ಈಗಲೂ ಒಲೆಯನ್ನು ಸಂಶಯದಿಂದ ನೋಡುತ್ತ ಹೇಳಿದರು, "ರುಚಿ ಮಾತ್ರ ಅಂಗೇ ಇರ್ತದಲ್ಲ, ಅದೆಂಗಮ್ಮಿ?" ಅವ್ವ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ, "ರುಚಿ ಒಲೇಲಿ ಇರದಿಲ್ಲ ಅಂತ ಈಗ್ಲಾರೂ ತಿಳೀತಲ್ಲ" ಅಂದಳು.

ಅವಳೇ ಈ ಒಲೆಯನ್ನು ಮೊದಲ ದಿನ ಹೇಗೆ ನೋಡಿದ್ದಳು. ಆವತ್ತು ಅವನು ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಹಿಡಿದು ಅಂಗಳದಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಬೋರಲು ಹಾಕಿದ್ದ. ಮೂವತ್ತೊಂದು ಪಾತ್ರೆಗಳು. ಆಯಸ್ಕಾಂತ ಕಚ್ಚಿದ್ದು ಏಳಕ್ಕೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಎಲ್ಲ ಒಂದು ಕಡೆ ಹೋದವು, ಅವ್ವ ದಿನವೂ ರಾಗಿಹಿಟ್ಟು ತಿರುವುವ ತಪ್ಪಲೆಯೂ ಅವುಗಳ ಜೊತೆಗೆ. ಅವನು ಕಾಂತಕ್ಷೇತ್ರ, ಸುಳಿಪ್ರವಾಹ ಎಂದೆಲ್ಲ ತಾಳ್ಮೆಯಿಂದ ವಿವರಿಸಿದ. ಅವ್ವ ಕೇಳಿಸಿಕೊಂಡು, ತಪ್ಪಲೆಯ ಮಸಿ ಹಿಡಿದ ತಳವನ್ನು ಸವರಿ, "ಪಾತ್ರೆಗೂ ಜಾತಿ ಕೇಳ್ತದಾ ಇದು?" ಅಂದಳು. ಒಳಗೆ ಗೋಡೆ ಒಡೆಯುತ್ತಿದ್ದ ಮಂಟೇಸ್ವಾಮಿಯ ಸುತ್ತಿಗೆ ನಿಂತು ದೊಡ್ಡ ನಗು ಕೇಳಿಸಿತು. "ಅಂಗಾರೆ ನಮ್ಮನೆ ಪಾತ್ರೇನೂ ಒಂದ್ಸಲ ತತ್ತೀನಿ ತಡೀರವ್ವ, ಒಳೀಕ್ ಬುಟ್ಕತದೋ ಇಲ್ವೋ ನೋಡ್ಬುಡಾನ." ಅವ್ವನೂ ನಕ್ಕಳು. ಗುರುಪ್ರಸಾದನಿಗೆ ನಗಲಾಗಲಿಲ್ಲ, ಕೈಯಲ್ಲಿದ್ದ ಆಯಸ್ಕಾಂತ ತಟ್ಟನೆ ಭಾರವಾಯಿತು. ಮಂಟೇಸ್ವಾಮಿ ಹದಿನೈದು ವರ್ಷದ ಹಿಂದೆ ಇದೇ ಮನೆಯ ಹಳೆಯ ಕಟ್ಟೆಯನ್ನು ಕಟ್ಟಲು ಬಂದಾಗ ಅವನ ಟೀ ಲೋಟ ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಇರುತ್ತಿತ್ತು ಎಂಬುದು ಇಬ್ಬರಿಗೂ ನೆನಪಿತ್ತು. ಈಗ ಅವನು ಪಡಸಾಲೆಯ ಜಗಲಿಯಲ್ಲಿ ಎಲ್ಲರ ಲೋಟದಲ್ಲೇ ಟೀ ಕುಡಿಯುತ್ತಾನೆ. ಕುಡಿಯುವ ಮೊದಲು ಒಂದು ಕ್ಷಣ ಲೋಟವನ್ನು ತಿರುಗಿಸಿ ನೋಡುತ್ತಾನೆ, ಅಷ್ಟೆ. ಆ ಒಂದು ಕ್ಷಣದಲ್ಲಿ ಗುರುಪ್ರಸಾದ್ ಪ್ರತಿ ಸಲವೂ ಬೇರೆಲ್ಲಿಗೋ ದೃಷ್ಟಿ ತಿರುಗಿಸುತ್ತಾನೆ.

ನಿನ್ನೆ ಸಂಜೆಯೂ ಹಾಗೆಯೇ ತಿರುಗಿಸಿದ್ದ. ಕೊನೆಯ ಇಟ್ಟಿಗೆ ಇಟ್ಟು ಮಟ್ಟಗೋಲು ಹಿಡಿದ ಮಂಟೇಸ್ವಾಮಿ, "ಅವ್ವಾರ್ನ ಒಂದ್ಗಳ್ಗೆ ತಂದು ನಿಲ್ಸಿ ನೋಡುದ್ರಾ ಸಾ? ನಂಗ್ಯಾಕೋ ಎತ್ರ ಅನ್ನಿಸ್ತದೆ" ಎಂದು ಕೇಳಿದ್ದ. "ಡ್ರಾಯಿಂಗ್‌ನಲ್ಲಿ ಇದೆಯಲ್ಲ" ಎಂದು ಗುರುಪ್ರಸಾದ್ ಉತ್ತರಿಸಿದ್ದ, ಗೋಡೆಗೆ ಅಂಟಿಸಿದ್ದ ಹಾಳೆಯ ಕಡೆ ಬೆರಳು ತೋರಿಸಿ. ಹಾಳೆ ಅಚ್ಚುಕಟ್ಟಾಗಿತ್ತು. ಬಾಣದ ಗುರುತುಗಳು, ದಶಾಂಶಗಳು. ಅಚ್ಚುಕಟ್ಟು ಎಷ್ಟು ಸುಲಭವಾಗಿ ಸುಳ್ಳನ್ನು ಹೊರುತ್ತದೆ ಎಂಬುದು ಅವನಿಗೆ ಹೊಸ ವಿಷಯವೇನಲ್ಲ. ನಂಜನಗೂಡಿನ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿದ ಮೊದಲ ವರ್ಷ, ಉಪಕರಣ ಖಾಲಿಯಿಲ್ಲದ ಒಂದು ಮಧ್ಯಾಹ್ನ, ಅಳೆಯದೆಯೇ ಒಂದು ಮಾದರಿಯ ಪಿಎಚ್ ಮೌಲ್ಯವನ್ನು ಹಿಂದಿನ ದಿನಗಳ ಸರಾಸರಿಯಿಂದ ತುಂಬಿಸಿದ್ದ. ಮೇಲಧಿಕಾರಿ ಗೋವಿಂದಯ್ಯ ಬೈಯಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಎಲ್ಲಿ ಹುಟ್ಟಿದ ನಂಬರು ಗುರುಪ್ರಸಾದ್?" ಎಂದು, ಮಗುವಿನ ಊರು ಕೇಳುವವರ ಹಾಗೆ ಮೆತ್ತಗೆ ಕೇಳಿದ್ದರು. ಆಮೇಲೆ ಅವನು ಅಂಥದನ್ನು ಮಾಡಿಲ್ಲ. ಕಾರ್ಖಾನೆಯಲ್ಲಿ ಮಾಡಿಲ್ಲ.

ಉಪ್ಪಿಟ್ಟು ಮುಗಿದ ಮೇಲೆ ಅವ್ವ ಬಟ್ಟೆ ಒಣಹಾಕಲು ಹೋದಳು. ಒಲೆ ತಣ್ಣಗಾಗುವ ತನಕ ಕಾದು, ಪ್ಲಗ್ ತೆಗೆದು, ಅದನ್ನು ಒರೆಸಿಡುವುದು ಈ ಹತ್ತೊಂಬತ್ತು ದಿನ ಗುರುಪ್ರಸಾದ್ ವಹಿಸಿಕೊಂಡಿದ್ದ ಕೆಲಸ. ಗಾಜಿನ ಮೇಲ್ಮೈಯನ್ನು ಒದ್ದೆಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿದ. ಕಿಟಕಿಯ ಮೇಲಿದ್ದ ನೋವಿನೆಣ್ಣೆಯ ಸೀಸೆಯನ್ನು ಬೆಳಕಿಗೆ ಅಡ್ಡವಾಯಿತೆಂದು ಸರಿಸಿದ. ಸರಿಸಿದ ಕೈ ಅಲ್ಲೇ ನಿಂತಿತು. ಅವ್ವನ ಬಲಭುಜದ ಎಣ್ಣೆ. ಹದಿನೈದು ದಿನಕ್ಕೊಂದು ಸೀಸೆ ಅವನೇ ತರುತ್ತಿದ್ದ. ಇದನ್ನು ತಂದದ್ದು ಅಡುಗೆಮನೆ ಒಡೆದ ವಾರ. ಎಣ್ಣೆಯ ಮಟ್ಟ ಇನ್ನೂ ಚೀಟಿಯ ಮೇಲಂಚಿನಲ್ಲೇ ಇತ್ತು. ಹತ್ತೊಂಬತ್ತು ದಿನದಲ್ಲಿ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಏನು ಬದಲಾಗಿದೆ ಎಂದು ಅವನ ಮನಸ್ಸು ತನ್ನ ಅಭ್ಯಾಸದಂತೆ ಪಟ್ಟಿ ಮಾಡಲು ಹೊರಟಿತು: ಕೆಲಸ ಕಡಿಮೆಯಾಗಿಲ್ಲ, ಹೆಚ್ಚಾಗಿದೆ; ಹಿಟ್ಟು ದಿನವೂ ತಿರುವುತ್ತಾಳೆ, ಚೈತ್ರ ತಂದ ಸ್ಟೀಲಿನ ಪಾತ್ರೆಯಲ್ಲಿ, ಹಿಟ್ಟು ಬೆಂದ ಮೇಲೆ ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಮೇಲಿನಿಂದ ಕೋಲನ್ನು ಎರಡೂ ಕೈಯಲ್ಲಿ ಊರಿ. ಪಟ್ಟಿ ಅಲ್ಲಿಗೆ ಮುರಿಯಿತು. ಮೇಲಿನಿಂದ. ಹಳೆಯ ಕಟ್ಟೆಯ ಮುಂದೆ ಅವ್ವ ಹಿಟ್ಟು ತಿರುವುವುದನ್ನು ಅವನು ಹದಿನೈದು ವರ್ಷ ನೋಡಿದ್ದ. ಈಗ ಕಣ್ಣುಮುಚ್ಚಿದರೆ ಕಂಡದ್ದು, ಕಿವಿಯ ಮಟ್ಟಕ್ಕೆ ಎದ್ದ ಅವಳ ಬಲ ಮೊಣಕೈ.

ಒಲೆಯ ತಳಕ್ಕೆ ಚೆಲ್ಲಿದ್ದ ಹಾಲು ಅಂಟಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಮಣೆಯನ್ನು ಒರೆಸಲು ಬಗ್ಗಿದ. ನಾಲ್ಕು ಬೆರಳು ದಪ್ಪದ, ಅಡ್ಡಪಟ್ಟಿ ಹೊಡೆದ ಮಣೆ. ಅದರ ನಡುವೆ ಎರಡು ತಗ್ಗುಗಳಿದ್ದವು. ಮೊದಲು ಅವನಿಗೆ ಅದು ಒಲೆಯ ರಬ್ಬರಿನ ಕಾಲುಗಳಿಂದಾದ ಗುರುತು ಎನ್ನಿಸಿತು. ಆದರೆ ಒಲೆಗೆ ನಾಲ್ಕು ಕಾಲು. ಬೆರಳಾಡಿಸಿದ. ಒಂದೊಂದು ತಗ್ಗೂ ಹಿಂದೆ ದುಂಡಗೆ, ಮುಂದೆ ಅಗಲವಾಗಿ, ನಡುವಿನಲ್ಲಿ ಒಳಬದಿಗೆ ಸವೆಯದೆ ಉಳಿದ ಒಂದು ದಿಬ್ಬ. ಹಿಮ್ಮಡಿ, ಮುಂಗಾಲು, ನೆಲಕ್ಕೆ ತಾಗದ ಒಳಗಾಲು. ಈ ಮಣೆ ಎಲ್ಲಿತ್ತು ಎಂಬುದು ಆಗ ಅವನಿಗೆ ನೆನಪಾಯಿತು. ಹಳೆಯ ಕಟ್ಟೆಯ ಬುಡದಲ್ಲಿ, ಯಾವಾಗಲೂ. ಎಷ್ಟು ಯಾವಾಗಲೂ ಎಂದರೆ ಅಡುಗೆಮನೆಯ ಉದ್ದ, ಅಗಲ, ಕಿಟಕಿ, ಕೊಳಾಯಿ ಎಲ್ಲವನ್ನೂ ನಕ್ಷೆಯಲ್ಲಿ ಬರೆದುಕೊಂಡವನು ಅದನ್ನು ಬರೆಯಲಿಲ್ಲ. ಅದು ಯಾರಾದರೂ ಕೂತು ಎದ್ದು ಹೋದ ಮಣೆಯಲ್ಲ. ಅವ್ವ ಹದಿನೈದು ವರ್ಷ ಅದರ ಮೇಲೆ ನಿಂತಿದ್ದಳು. ಹಳೆಯ ಕಟ್ಟೆ ಎಂಬತ್ತು ಸೆಂಟಿಮೀಟರ್ ಇತ್ತು ಎಂದು ಅವನ ಪುಸ್ತಕದಲ್ಲೇ ಇದೆ. ಎಂಬತ್ತಕ್ಕೇ ಮಣೆ ಬೇಕಾದವಳಿಗೆ ಅವನು ಎಂಬತ್ತಾರು ಕಟ್ಟಿಸಿದ್ದ, ಅವಳ ಅನುಕೂಲಕ್ಕೆಂದು ಊರೆಲ್ಲ ಹೇಳಿಕೊಂಡು.

ಕಾಲಿನ ಗುರುತಿನ ಮೇಲೆ ಕೈಯಿಟ್ಟುಕೊಂಡು ಅವನು ಎಷ್ಟು ಹೊತ್ತು ಕುಳಿತಿದ್ದನೋ. ಮರ ಬೆಚ್ಚಗಿತ್ತು, ಒಲೆಯ ಶಾಖಕ್ಕೆ. ಗುಂಡಿಯ ಬಳಿ ಮಠದವರು ಆ ದಾರವನ್ನು ಒಂಬತ್ತು ಸಲ ನೆಲದ ಮೇಲೆ ಹಾಸುವಾಗ ಅವನು ಮನಸ್ಸಿನಲ್ಲೇ ಗುಣಿಸಿ ಅಡಿಗೆ ತಿರುಗಿಸಿದ್ದ, ಅಳುವುದನ್ನು ಬಿಟ್ಟು. ಅಳೆಯುವುದು ತನಗೆ ಒಂದು ಬಗೆಯ ಓಡಿಹೋಗುವಿಕೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಅಳೆಯದೆ ಇದ್ದದ್ದೂ ಅದೇ. ಹೊರಗೆ ಮಂಟೇಸ್ವಾಮಿಯ ಬೈಕ್ ನಿಂತಿತು. ಈಗ ಸುಮ್ಮನಿದ್ದರೆ ಆಗುವುದು ಇಷ್ಟೇ: ಹಲಗೆ ಕೂರುತ್ತದೆ, ಮಣೆ ಮತ್ತೆ ಅದರ ಬುಡಕ್ಕೆ ಹೋಗುತ್ತದೆ, ಯಾರೂ ಏನೂ ಹೇಳುವುದಿಲ್ಲ. ಅವ್ವ ಹೇಗಿದ್ದರೂ ಒಗ್ಗಿಸಿಕೊಳ್ಳುತ್ತಾಳೆ. ಆ ಮಾತು ಅವಳ ಬಾಯಲ್ಲಿದ್ದಾಗ ಔದಾರ್ಯ. ತನ್ನ ಬಾಯಿಗೆ ಬಂದೊಡನೆ ಅದರ ಬಣ್ಣ ಬದಲಾದದ್ದನ್ನು ಅವನು ಕಂಡ.

ಹಿತ್ತಲಲ್ಲಿ ಅವ್ವ ತಂತಿಗೆ ಟವೆಲ್ ಹರಡುತ್ತಿದ್ದಳು, ತುದಿಗಾಲಲ್ಲಿ. ಚೈತ್ರ ಬಕೆಟ್ ಹಿಡಿದು ನಿಂತಿದ್ದಳು.

"ಅವ್ವ, ನಾನು ನಿನ್ನ ಅಳತೆ ತಗೊಂಡೇ ಇಲ್ಲ."

"ಗೊತ್ತಲ್ಲ. ನಾನೇ ಬ್ಯಾಡ ಅಂದ್ನಲ್ಲ ಮಗ."

"ನೀನು ಬೇಡ ಅಂದಿದ್ದು ಒಂದ್ಸಲ. ನಾನು ಇನ್ನೊಂದ್ಸಲ ಕೇಳ್ಲಿಲ್ಲ. ಸುಮ್ನೆ ಅಂದಾಜಿಗೆ ಒಂದು ನಂಬರ್ ಬರ್ಕೊಂಡೆ."

"ಎಷ್ಟು ಬರ್ದೆ?"

"ತೊಂಬತ್ತೆರಡು."

"ಅದು ನಂಗೆ ಜಾಸ್ತಿಯಾ, ಕಮ್ಮಿಯಾ?"

"ಜಾಸ್ತಿ. ತುಂಬಾ ಜಾಸ್ತಿ."

ಅವ್ವ ಒದ್ದೆ ಟವೆಲ್ಲನ್ನು ಕೊಡವಿದಳು. "ಸದ್ಯ. ಹೆತ್ತ ಮಗ ನನ್ನ ಗಿಡ್ಡಿ ಅಂತ ಬರೀನಿಲ್ವಲ್ಲ, ಅಷ್ಟ್ ಸಾಕು" ಎಂದು ಚೈತ್ರಳ ಕಡೆ ತಿರುಗಿ ನಕ್ಕಳು. ಅವನ ಮುಖ ನೋಡಿದ ಮೇಲೆ ನಗು ನಿಂತಿತು. "ಅದ್ಕ್ಯಾಕಂಗೆ ನಿಂತಿದೀಯೆ? ಮಣೆ ಇಲ್ವಾ? ಆಗ್ಲೂ ಮಣೆ ಮೇಲೇ ಅಲ್ವಾ ನಿಂತಿದ್ದು."

"ಇನ್ನು ಮಣೆ ಮೇಲೆ ನಿಲ್ಲೋದು ಬೇಡ."

ಚೈತ್ರ ಬಕೆಟ್ ಕೆಳಗಿಟ್ಟಳು. "ನಂಗೋಸ್ಕರ ಆದ್ರೆ ಬೇಕಾಗಿಲ್ಲ ರೀ. ಪೂರಾ ತಗ್ಗಿಸ್ಬಿಡಿ. ನಾನು ಬಗ್ಗಿ ಮಾಡ್ತೀನಿ."

"ಬಗ್ಗಿ ಬಗ್ಗಿ ನಡ ಬೀಳ್ಸ್ಕಳಕ್ಕಾ?" ಅವ್ವ ಅವಳನ್ನು ಗದರಿದಳು. "ನನ್ ಭುಜುಕ್ಕೆ ಎಣ್ಣೆ ಸಾಲ್ದು, ಇನ್ ನಿನ್ ಸೊಂಟುಕ್ಕೆ ಬೇರೆ ತರ್ಬೇಕು ಇವ್ನು. ಸುಮ್ಕಿರು."

ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಚೈತ್ರಳೇ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, "ಅಲ್ಲಾ, ಎರಡು ಕಡೇನೂ ಒಂದೇ ಎತ್ತರ ಯಾಕಿರ್ಬೇಕು?" ಅಂದಳು. ಇಷ್ಟು ಸರಳವಾದದ್ದು ತನಗೆ ಏಕೆ ಹೊಳೆಯಲಿಲ್ಲ ಎಂದು ಗುರುಪ್ರಸಾದ್ ಯೋಚಿಸಿದ. ಎರಡು ಸಂಖ್ಯೆ ಕಂಡರೆ ಅವುಗಳ ನಡುವಿನದನ್ನು ಹುಡುಕುವುದನ್ನೇ ಅವನು ಕಲಿತಿದ್ದ. ಎರಡನ್ನೂ ಎರಡಾಗಿಯೇ ಇರಲು ಬಿಡಬಹುದೆಂದು ಯಾರೂ ಕಲಿಸಿರಲಿಲ್ಲ.

ಒಳಗೆ ಮಂಟೇಸ್ವಾಮಿ ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡ. "ನಾ ನೆನ್ನೇನೇ ಕೇಳ್ನಿಲ್ವಾ ಸಾ. ಡ್ರಾಯಿಂಗು ಅಂದ್ರಿ."

"ಡ್ರಾಯಿಂಗ್ ತಪ್ಪು. ನಾನು ಅಳೀದೇ ಬರ್ದಿದ್ದೆ. ನೀನು ಹೇಳಿದ್ದೇ ಸರಿ."

ಹೀಗೆ ಹೇಳಲು ಕಷ್ಟವಾಗುತ್ತದೆಂದು ಅವನು ಹಿತ್ತಲಿನಿಂದ ಇಲ್ಲಿಯ ತನಕ ಸಿದ್ಧನಾಗಿ ಬಂದಿದ್ದ, ಆಗಲಿಲ್ಲ. ಮಂಟೇಸ್ವಾಮಿ ಅವನನ್ನು ಒಂದು ಕ್ಷಣ, ಲೋಟವನ್ನು ನೋಡುವ ಹಾಗೆಯೇ, ನೋಡಿದ. ಈ ಸಲ ಗುರುಪ್ರಸಾದ್ ದೃಷ್ಟಿ ಕೀಳಲಿಲ್ಲ. "ಅಯ್ ಬುಡಿ ಸಾ, ಗ್ವಾಡೆ ತಾನೇ" ಅಂದ ಮಂಟೇಸ್ವಾಮಿ, ಇಟ್ಟಿಗೆಯ ಸಂದನ್ನು ಉಗುರಿನಿಂದ ಕೆರೆದು ನೋಡಿ. "ಇನ್ನೂ ಅಸಿ ಅದೆ. ಕೀಳದಾದ್ರೆ ಈಗ್ಲೇ ಕೀಳ್ಬೇಕು, ಬಿಸ್ಲೇರುದ್ರೆ ಬುಡಾಕಿಲ್ಲ. ಕಲ್ಲು ಬಂದ್ಮೇಲೆ ತುಂಡ್ ಮಾಡಾಕೆ ಮಿಸನ್ ಅದೆ. ಆದ್ರೆ ಎಷ್ಟಕ್ಕೆ ಇಳುಸ್ಲಿ? ಅದ್ನ ಏಳಿ ಮೊದ್ಲು."

ಎಲ್ಲರೂ ಹಿಂದೆಯೇ ಬಂದಿದ್ದ ಅವ್ವನ ಕಡೆ ನೋಡಿದರು. ಗುರುಪ್ರಸಾದನ ಕೈ ತಾನಾಗಿಯೇ ಜೇಬಿನ ಟೇಪಿನ ಮೇಲೆ ಹೋಗಿ ಅಲ್ಲಿಯೇ ಉಳಿಯಿತು. ಅವ್ವ ಆ ಕೈಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ಬಾಗಿಲು, ದಾರ, ಗಂಟು ಎಲ್ಲವೂ ಹಾದುಹೋದವೆಂದು ಅವನಿಗೆ ತೋರಿತು.

"ನನ್ನ ಯಾರೂ ಅಳೀಬ್ಯಾಡಿ" ಅಂದಳು ಅವ್ವ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಧೂಳಿನ ನೆಲದ ಮೇಲೆ ನಡೆದು ಕಿಟಕಿಯ ಕೆಳಗಿನ ಗೋಡೆಯ ಮುಂದೆ ನಿಂತಳು. "ನಾನೇ ಅಳೀತೀನಿ, ಗ್ವಾಡೇನ."

ಅವಳು ಕುಕ್ಕರಗಾಲಲ್ಲಿ ಕುಳಿತು, ಕಿರುಬೆರಳನ್ನು ನೆಲಕ್ಕೆ ಒತ್ತಿ, ಹೆಬ್ಬೆರಳನ್ನು ಮೇಲಕ್ಕೆ ಚಾಚಿದಳು. ಒಂದು ಗೇಣು. ಹೆಬ್ಬೆರಳು ಇದ್ದಲ್ಲಿಗೆ ಕಿರುಬೆರಳು ಬಂತು. ಎರಡು. ಅವಳ ಕೈ ಹುಳುವಿನ ಹಾಗೆ ಗೋಡೆ ಹತ್ತುವುದನ್ನು ಗುರುಪ್ರಸಾದ್ ನೋಡಿದ. ಮೂರನೆಯ ಗೇಣಿಗೆ ನಿಂತು, ಕೈಯನ್ನು ಗೋಡೆಗೆ ಹಾಗೆಯೇ ಇಟ್ಟುಕೊಂಡು ಎದ್ದು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಪಾತ್ರೆಯ ಎತ್ತರ ಇಟ್ಟು ನೋಡಿದಳು. "ಇಲ್ಲೀಗಂಟ. ಇಲ್ಲಿ ಆ ಕರೆಂಟ್ ಒಲೆ ಇರ್ಲಿ, ನಂಗೆ ಅದು ಕೈಗೊಗ್ಗೋಗಿದೆ. ಹಿಟ್ಟು ಇಲ್ಲಿ. ಆ ಕಡೆ ಗ್ಯಾಸು, ಚೈತ್ರಂದು, ಅವ್ಳುದ್ದಕ್ಕೇ ಇರ್ಲಿ. ಬೇಕಾದ್ರೆ ಇನ್ನೊಂದಿಟ್ಟಿಗೆ ಏರ್ಸು ಅವ್ಳ ಕಡೆಗೆ."

"ಮೂರು ಗೇಣು, ಅಂದ್ರೆ…" ಎಂದು ಗುರುಪ್ರಸಾದ್ ಶುರುಮಾಡಿದ.

"ಮೂರು ಗೇಣು ಅಂದ್ರೆ ಮೂರು ಗೇಣು ಕಣಪ್ಪ" ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪ.

ಮಂಟೇಸ್ವಾಮಿ ದಾರ ಬಿಚ್ಚಿ ಒಂದು ತುದಿಯನ್ನು ಗುರುಪ್ರಸಾದನ ಕೈಗೆ ಕೊಟ್ಟ. ಅವನು ಗೋಡೆಯ ಆ ಕೊನೆಗೆ ಹೋಗಿ, ಬಗ್ಗಿ, ಅದನ್ನು ಇಟ್ಟಿಗೆಗೆ ಒತ್ತಿ ಹಿಡಿದ. ಬಿಗಿಯಾದ ದಾರ ಅವ್ವನ ಹೆಬ್ಬೆರಳಿನ ಉಗುರಿಗೆ ತಾಗಿ ನಿಂತಿತು. ಮಂಟೇಸ್ವಾಮಿ ಪೆನ್ಸಿಲ್ ಎತ್ತಿದ.

"ತಡಿ ಮಂಟೇಸ್ವಾಮಿ" ಅಂದಳು ಅವ್ವ. ಹುಬ್ಬು ಗಂಟಿಕ್ಕಿ ತನ್ನ ಕೈಯನ್ನೇ ನೋಡಿಕೊಂಡಳು. "ಇನ್ನೆರಡು ಬೆಳ್ಳು ಇಳ್ಸು."

"ಯಾಕವ್ವ, ಸರಿಯಾಗೇ ಅದಲ್ಲ?"

"ಈಗ ಸರಿಯಾಗೇ ಅದೆ ಕಣಪ್ಪ. ಇನ್ನಿಪ್ಪತ್ತು ವರ್ಸ ನಾನಿಲ್ಲಿ ಹಿಟ್ ತಿರುವ್ಬ್ಯಾಡ್ವಾ? ಅಷ್ಟೊತ್ಗೆ ಇನ್ನೊಂಚೂರು ಕುಗ್ಗಿರ್ತೀನಿ."

ಮಂಟೇಸ್ವಾಮಿ ತನ್ನ ತುದಿಯನ್ನು ಎರಡು ಬೆರಳು ಕೆಳಗೆ ಇಳಿಸಿದ. ಗುರುಪ್ರಸಾದ್ ತನ್ನದನ್ನು ಇಳಿಸಿದ.